ನೈಟ್ ಮುಗಿಸಿ ಬಂದ ಅಮ್ಮನಿಂದ ಮನೆಯ ಹ್ಯಾಂಡೋವರ್ ತಗೊಳ್ಳುವವರು ಯಾರು?

ನರ್ಸ್ ಆಗಿರುವ ತಾಯಿಯೊಬ್ಬಳ ಮೊದಲ ನೈಟ್ ಡ್ಯೂಟಿಯ ದಿನದ ಲೆಕ್ಕವನ್ನು ಒಮ್ಮೆ ಬೆರಳು ಮಡಚಿ ಮಾಡಿ ನೋಡಿ. ಬೆಳಗ್ಗೆ 6ಕ್ಕೆ ಎದ್ದು ಮಕ್ಕಳ ಬುತ್ತಿ ಕಟ್ಟಿ ಶಾಲೆಗೆ ಕಳಿಸಿ, ಬಟ್ಟೆ ಒಗೆದು, ಅಡಿಗೆ ಮುಗಿಸಿ, ಸಂಜೆ ಕಾಸರಗೋಡಿನ ಕುಂಬಳೆಯಲ್ಲೋ ಉಪ್ಪಳದಲ್ಲೋ ಬಸ್ಸು ಹತ್ತಿ, ಗಡಿಯ ತಲಪಾಡಿ ದಾಟಿ, ರಾತ್ರಿ 8ಕ್ಕೆ ಮಂಗಳೂರಿನ ವಾರ್ಡಿನಲ್ಲಿ ಹ್ಯಾಂಡೋವರ್ ತಗೊಂಡರೆ, ಅಂದರೆ ಪೇಷೆಂಟ್‌ಗಳ ಜವಾಬ್ದಾರಿ ವಹಿಸಿಕೊಂಡರೆ, ರಾತ್ರಿ 11 ಗಂಟೆಗೆ ಎಚ್ಚರವಿದ್ದು 17 ಗಂಟೆ ತುಂಬುತ್ತದೆ. ಮರುದಿನ ಬೆಳಗ್ಗೆ 6ಕ್ಕೆ 24 ಗಂಟೆ. ಶುಗರ್ ನೋಡುವ, ಇನ್ಸುಲಿನ್ ಕೊಡುವ, ರಕ್ತದ ಸ್ಯಾಂಪಲ್ ತೆಗೆಯುವ ಹೊತ್ತು ಅದು. ಮನೆ ಮುಟ್ಟುವಾಗ 27 ಗಂಟೆ ದಾಟಿರುತ್ತದೆ.

1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಒಂದುಂಟು. 17 ಗಂಟೆ ನಿದ್ದೆಗೆಟ್ಟವರ ಕೈ ಮತ್ತು ಗಮನ, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇರುವವರ ಹಾಗೆ ಕೆಲಸ ಮಾಡುತ್ತದೆ. 24 ಗಂಟೆಗೆ ಅದು 100 ಮಿ.ಗ್ರಾಂ ಮಟ್ಟಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸಲು ಕಾನೂನು ಒಪ್ಪುವ ಮಿತಿ 30 ಮಿ.ಗ್ರಾಂ. ಹಾಗಾಗಿ ಬೆಳಗ್ಗಿನ ಜಾವ ಕೈ ತಡವರಿಸಿದರೆ, ಅದೇ ಔಷಧಿಯ ಹೆಸರನ್ನು ಮೂರು ಸಲ ಓದಬೇಕಾದರೆ, ಅದು ನಿಮ್ಮ ಅಜಾಗ್ರತೆ ಅಲ್ಲ. ನಿದ್ದೆ ಇಲ್ಲದ ಮಿದುಳು ಹಾಗೆಯೇ ಇರುತ್ತದೆ.

ಬರ್ನ್‌ಔಟ್ (ಕೆಲಸದ ಒತ್ತಡದಿಂದ ಬತ್ತಿಹೋಗುವುದು) ತಪ್ಪಿಸಲು ಸಂಗೀತ ಕೇಳಿ, ನಿಮಗಾಗಿ ಸಮಯ ಕೊಡಿ ಎನ್ನುವ ಸಲಹೆ ಬೇಕಾದಷ್ಟು ಸಿಗುತ್ತದೆ. ಒಳ್ಳೆಯದೇ. ಆದರೆ ಹದಿನೈದು ನಿಮಿಷದ ಹಾಡಿನಿಂದ ಐದಾರು ಗಂಟೆ ನಿದ್ದೆಯ ಸಾಲ ತೀರುವುದಿಲ್ಲ. ನರ್ಸ್ ಆಗಿರುವ ತಾಯಂದಿರಿಗೆ ನಿಜವಾಗಿ ಬೇಕಾದದ್ದು ವಾರ್ಡಿನಲ್ಲಿ ಈಗಾಗಲೇ ಇರುವ ಒಂದು ಪದ್ಧತಿ. ಬದಲಿ ಬಾರದೆ, ಹ್ಯಾಂಡೋವರ್ ಕೊಡದೆ ಯಾವ ಸಿಸ್ಟರೂ ವಾರ್ಡ್ ಬಿಡುವುದಿಲ್ಲ. ಕೊಟ್ಟ ಮೇಲೆ ಆ ಪೇಷೆಂಟ್ ಅವಳ ಜವಾಬ್ದಾರಿ ಅಲ್ಲ. ಮನೆಯಲ್ಲಿ ಈ ಎರಡನೆಯ ಭಾಗವೇ ಇಲ್ಲ. ಮೆಟ್ಟಿಲು ಹತ್ತುವಾಗಲೇ ಮಗು, ಒಲೆ, ಬಟ್ಟೆ, ಹೋಮ್‌ವರ್ಕ್ ಎಲ್ಲವೂ ಅವಳ ಕೈಗೆ ಬರುತ್ತದೆ; ಅವಳ ಕೈಯಿಂದ ತಗೊಳ್ಳುವವರು ಯಾರೆಂದು ಯಾರೂ ಹೇಳಿರುವುದಿಲ್ಲ. ಡ್ಯೂಟಿ ಚಾರ್ಟ್ ಬಂದ ದಿನವೇ ಇದನ್ನು ಮಾತಾಡಿ ನಿಶ್ಚಯಿಸಬೇಕು. ನೈಟ್ ಮುಗಿಸಿ ಬಂದ ಬೆಳಗ್ಗೆ, ಕಣ್ಣು ಉರಿಯುತ್ತಿರುವಾಗ ಮಾತಾಡಿದರೆ ಜಗಳವಾಗುತ್ತದೆ.

ಹೇಳುವಾಗ ಗಂಟೆ ಸೇರಿಸಿ ಹೇಳಿ. “ಸ್ವಲ್ಪ ಮಗುವನ್ನು ನೋಡ್ತೀರಾ” ಅಂದರೆ ಮನೆಯವರಿಗೆ ಅದು ಅರ್ಧ ಗಂಟೆ. “ಅತ್ತೆ, ಮಧ್ಯಾಹ್ನ ಎರಡೂವರೆವರೆಗೆ ಮಗು ನಿಮ್ಮ ಹತ್ರ ಇರಲಿ, ರಾತ್ರಿ ಪುನಃ ಡ್ಯೂಟಿ ಉಂಟು. ಎರಡೂವರೆಗೆ ನಾನೇ ಎದ್ದು ಬರ್ತೇನೆ” ಅಂದರೆ ಅವರಿಗೂ ಒಂದು ಕೊನೆ ಕಾಣುತ್ತದೆ. ಆ ಗಂಟೆಗೆ ನೀವು ಎದ್ದು ಬರಲೂ ಬೇಕು. ಅತ್ತೆಗೂ ವಯಸ್ಸಾಗಿರುತ್ತದೆ, ಮಂಡಿ ನೋವು ಇರುತ್ತದೆ. ಅವರ ಹ್ಯಾಂಡೋವರ್ ಕೂಡ ಹೊತ್ತಿಗೆ ಸರಿಯಾಗಿ ತಗೊಳ್ಳುವುದು ನ್ಯಾಯ.

ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಗಂಡ ಗಲ್ಫ್‌ನಲ್ಲಿ. ಅಲ್ಲಿಂದ ಮಗುವನ್ನು ಎತ್ತಿಕೊಳ್ಳಲಾಗದು, ನಿಜ. ಆದರೆ ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್, ಶಾಲೆಯ ವಾಟ್ಸಾಪ್ ಗುಂಪನ್ನು ದಿನಾ ಓದಿ ‘ನಾಳೆ ಚಾರ್ಟ್ ಪೇಪರ್ ಬೇಕು’ ಎಂದು ನೆನಪಿಸುವುದು, ಡಾಕ್ಟರ್ ಟೋಕನ್ ತೆಗೆಯುವುದು, ಇವಿಷ್ಟನ್ನು ಅಲ್ಲಿ ಕೂತೇ ಪೂರಾ ನೋಡಿಕೊಳ್ಳಬಹುದು. ಈ ‘ನೆನಪಿಡುವ ಕೆಲಸ’ ಕಣ್ಣಿಗೆ ಕಾಣುವುದಿಲ್ಲ, ಆದರೆ ನಿದ್ದೆಯಲ್ಲೂ ಬಿಡುವುದಿಲ್ಲ. ಇನ್ನೊಂದು ವಿಷಯ: ದುಬೈಯಲ್ಲಿ 9 ಗಂಟೆ ಎಂದರೆ ಇಲ್ಲಿ 10:30. ನೈಟ್ ಮುಗಿಸಿದವಳು ಆಗಷ್ಟೇ ಕಣ್ಣು ಮುಚ್ಚಿರುತ್ತಾಳೆ. ವಿಡಿಯೋ ಕಾಲ್ ಸಂಜೆಗೆ ಇರಲಿ.

ಈಗ ನಿದ್ದೆಯ ವಿಷಯ. ಮೊದಲ ನೈಟ್‌ನ ಮಧ್ಯಾಹ್ನ, ಮಕ್ಕಳು ಶಾಲೆಯಿಂದ ಬರುವ ಮೊದಲು, ಕನಿಷ್ಠ 90 ನಿಮಿಷ ಮಲಗಬೇಕು; ಎರಡು ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಮುಕ್ಕಾಲು ಗಂಟೆಗೆ ಎದ್ದರೆ ಗಾಢ ನಿದ್ದೆಯ ನಡುವೆ ಎದ್ದಂತಾಗಿ ತಲೆ ಇನ್ನೂ ಭಾರ. ಈ ಒಂದು ನಿದ್ದೆ ಮೇಲಿನ 17 ಗಂಟೆಯ ಲೆಕ್ಕವನ್ನೇ ಬದಲಿಸುತ್ತದೆ. ಅಡಿಗೆ ಬಾಕಿ ಉಳಿದರೆ ಉಳಿಯಲಿ. ಅಂದು ಗಂಜಿ, ಚಟ್ನಿ, ಒಂದು ಹಪ್ಪಳ ಸಾಕು.

ರಾತ್ರಿ ಚಹಾ ಕುಡಿಯುವುದರಲ್ಲೂ ಲೆಕ್ಕ ಬೇಕು. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ಬೆಳಗ್ಗಿನ ಜಾವ 5ಕ್ಕೆ ಕುಡಿದ ಸ್ಟ್ರಾಂಗ್ ಚಹಾ 10 ಗಂಟೆಗೆ ನೀವು ಮಲಗುವಾಗ ಅರ್ಧ ಇನ್ನೂ ರಕ್ತದಲ್ಲಿರುತ್ತದೆ. ಡ್ಯೂಟಿ ಶುರುವಿಗೆ ಒಂದು ಗ್ಲಾಸು, ನಡುರಾತ್ರಿ ಒಂದು, 2 ಗಂಟೆಯ ಮೇಲೆ ಬಿಸಿನೀರು ಅಥವಾ ಜೀರಿಗೆ ಕಷಾಯ. ವಾರ್ಡಿನಲ್ಲಿ ಇಬ್ಬರಿದ್ದು, ಇನ್‌ಚಾರ್ಜ್ ಒಪ್ಪಿದರೆ, 2ರಿಂದ 4ರ ನಡುವೆ ಸರದಿಯಲ್ಲಿ 20 ನಿಮಿಷ ಕಣ್ಣು ಮುಚ್ಚುವುದು ದೊಡ್ಡ ಸಹಾಯ. ಎದ್ದ ಮೇಲಿನ ಹತ್ತು ಹದಿನೈದು ನಿಮಿಷ ಮಂಪರು ಇರುತ್ತದೆ. ಆ ಹೊತ್ತಿನಲ್ಲಿ ಇಂಜೆಕ್ಷನ್ ಲೋಡ್ ಮಾಡಬೇಡಿ, ಮುಖ ತೊಳೆದು ಮೊದಲು ಒಂದು ರೌಂಡ್ ಹೋಗಿ ಬನ್ನಿ. ಈ ಜಾವದಲ್ಲೇ ಸೂಜಿ ಚುಚ್ಚಿಕೊಳ್ಳುವುದೂ ಆಗುವುದು. ಹಾಗೆ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಸೋಪು ನೀರಲ್ಲಿ ತೊಳೆದು ತಕ್ಷಣ ವರದಿ ಮಾಡಿ. ಎಚ್‌ಐವಿ ತಡೆ ಔಷಧಿ ಬೇಕಾದರೆ 2 ಗಂಟೆಯೊಳಗೆ ಶುರು ಮಾಡುವುದು ಉತ್ತಮ, 72 ಗಂಟೆಯ ನಂತರ ಅದರಿಂದ ಪ್ರಯೋಜನವಿಲ್ಲ. ಹಾಲೂಡಿಸುವ ತಾಯಿಯಾದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಿ. ಡ್ಯೂಟಿ ಮುಗಿಸಿ ಹೋಗುವ ಅವಸರದಲ್ಲಿ ‘ನಾಳೆ ಹೇಳಿದರಾಯಿತು’ ಎಂದು ಬಿಟ್ಟುಬಿಡುವುದೇ ಹೆಚ್ಚು.

ಬೆಳಗ್ಗೆ ವಾಪಸ್ ಬರಲು ಸ್ಕೂಟಿ ಬೇಡ. ಹೆದ್ದಾರಿ 66ರಲ್ಲಿ ಬೆಳಗ್ಗಿನ ಬಿಸಿಲಿಗೆ, ಏಕಸಮ ಓಟಕ್ಕೆ, ಎರಡು ಸೆಕೆಂಡ್ ರೆಪ್ಪೆ ಮುಚ್ಚಿದ್ದು ಓಡಿಸುವವರಿಗೇ ಗೊತ್ತಾಗುವುದಿಲ್ಲ. ಬಸ್ಸೋ ರೈಲೋ ಹಿಡಿಯಿರಿ. ಮೊಬೈಲಿನಲ್ಲಿ ಇಳಿಯುವ ಸ್ಟೇಷನ್ನಿನ ಹತ್ತು ನಿಮಿಷ ಮೊದಲಿಗೆ ವೈಬ್ರೇಷನ್ ಅಲಾರಂ ಇಟ್ಟು ಸೀಟಿಗೆ ಒರಗಿ. ಇಲ್ಲದಿದ್ದರೆ ಮಂಜೇಶ್ವರದಲ್ಲಿ ಇಳಿಯಬೇಕಾದವರು ಕುಂಬಳೆಯಲ್ಲಿ ಎಚ್ಚರವಾಗುತ್ತಾರೆ. ಬಿಸಿಲು ಮುಖಕ್ಕೆ ಬಿದ್ದಷ್ಟೂ ಮಿದುಳು ‘ಹಗಲಾಯಿತು’ ಎಂದು ಏಳುತ್ತದೆ, ಹಾಗಾಗಿ ಕೊಡೆ ಅಥವಾ ಕಪ್ಪು ಕನ್ನಡಕ ಇರಲಿ.

ಮನೆಗೆ ಬಂದು ಕೈಕಾಲು ತೊಳೆದು ಯೂನಿಫಾರ್ಮ್ ಬದಲಿಸಿ, ಮೊದಲ 20 ನಿಮಿಷ ಮಗುವಿಗೆ ಕೊಡಿ. ಪೂರ್ತಿ ಕೊಡಿ. ಎತ್ತಿಕೊಂಡು, ಹಾಲೂಡಿಸಿ, ಮಾತಾಡಿ. ನೇರ ಕೋಣೆಗೆ ಹೋಗಿ ಬಾಗಿಲು ಹಾಕಿದರೆ ಮಗು ಬಾಗಿಲ ಹೊರಗೆ ಕೂತು ಅಳುತ್ತದೆ, ನಿಮಗೆ ನಿದ್ದೆಯೂ ಬರುವುದಿಲ್ಲ. ಅಮ್ಮ ಬಂದಳು, ಸಿಕ್ಕಿದಳು ಎಂದು ಸಮಾಧಾನವಾದ ಮಗು ಅಜ್ಜಿಯ ಜೊತೆ ಹೋಗುವುದು ಸುಲಭ. ಆಮೇಲೆ ಎರಡು ಇಡ್ಲಿಯೋ ನೀರುದೋಸೆಯೋ ತಿಂದು 10ರೊಳಗೆ ಮಲಗಿ. ಹಸಿದು ಮಲಗಿದರೆ ಎರಡೇ ಗಂಟೆಯಲ್ಲಿ ಎಚ್ಚರ, ಕರಿದದ್ದು ತಿಂದರೆ ಎದೆಯುರಿ.

ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಒಂದು ತೊಂದರೆ ಉಂಟು. ಕೋಣೆ ಕತ್ತಲಾಗದಿರಲೆಂದು ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಹಾಕಿರುತ್ತಾರೆ. ಕಿಟಕಿಗೆ ಎಷ್ಟು ಪರದೆ ಹಾಕಿದರೂ 11 ಗಂಟೆಯ ಬಿಸಿಲು ಆ ಹಂಚಿನಿಂದ ಚೌಕವಾಗಿ ಇಳಿದು, ಮಂಚದ ಕಾಲಿನಿಂದ ಮೆಲ್ಲನೆ ಜರುಗುತ್ತ ನೇರ ದಿಂಬಿನ ಮೇಲೆ ಬರುತ್ತದೆ. ಅದರ ಕೆಳಗೆ ಒಂದು ಕಪ್ಪು ಬಟ್ಟೆಯನ್ನು ರೀಪಿಗೆ ಎರಡು ಮೊಳೆಯಲ್ಲಿ ತೂಗಿಸಿ, ಬೇಡದಾಗ ಸರಿಸುವ ಹಾಗೆ ದಾರ ಕಟ್ಟಿ. ಅಥವಾ ಮಂಚವನ್ನೇ ಬದಲಿಸಿ. ಮಿಕ್ಸಿ, ಗ್ರೈಂಡರ್ ಕೆಲಸ 10ರ ಮೊದಲು ಮುಗಿಯಲಿ. ಫೋನ್ ಸೈಲೆಂಟ್ ಮಾಡಿ, ಶಾಲೆ ಮತ್ತು ಮನೆಯ ಒಬ್ಬರ ನಂಬರಿಗೆ ಮಾತ್ರ ರಿಂಗ್ ಆಗುವಂತೆ ಇಡಿ. ಈ ಸೌಲಭ್ಯ ಎಲ್ಲ ಸ್ಮಾರ್ಟ್‌ಫೋನ್‌ನಲ್ಲೂ ಇದೆ.

ಮರುದಿನವೂ ನೈಟ್ ಇದ್ದರೆ 2:30ರವರೆಗೆ ಮಲಗಿ, ಎದ್ದು ಮಕ್ಕಳ ಜೊತೆ ಇದ್ದು, ಸಂಜೆ ಹೊರಡುವ ಮೊದಲು ಇನ್ನೊಂದು ಸಣ್ಣ ನಿದ್ದೆ. ಕೊನೆಯ ನೈಟ್ ಆದರೆ ಮೂರು ಗಂಟೆಯಷ್ಟೇ ಮಲಗಿ, ಮಧ್ಯಾಹ್ನ 1ಕ್ಕೆ ಎದ್ದು, ರಾತ್ರಿ 9:30ಕ್ಕೆ ಮಲಗಿ. ಸಂಜೆ 6ರವರೆಗೆ ಮಲಗಿದರೆ ರಾತ್ರಿ ನಿದ್ದೆ ಬಾರದೆ ಚಕ್ರ ಮೂರು ದಿನ ತಿರುಗುತ್ತದೆ. ನೈಟ್ ಆಫ್ ಎನ್ನುವುದು ರಜೆ ಅಲ್ಲ, ನಿದ್ದೆಯ ಬಾಕಿ ತೀರಿಸುವ ದಿನ. ಬಂಧುಗಳ ಮನೆಯ ಪೂಜೆ, ಬ್ಯಾಂಕು, ರೇಷನ್ ಎಲ್ಲವನ್ನೂ ಆ ದಿನಕ್ಕೆ ಇಟ್ಟರೆ ಆಫ್ ಇದ್ದೂ ಇಲ್ಲದ ಹಾಗೆ.

ಡ್ಯೂಟಿ ಬದಲಿಸಿಕೊಳ್ಳುವಾಗ ಒಂದನ್ನು ಖಂಡಿತ ಒಪ್ಪಬೇಡಿ: ಈವನಿಂಗ್ ಮುಗಿಸಿ ಮರುದಿನವೇ ಮಾರ್ನಿಂಗ್. ರಾತ್ರಿ 8ಕ್ಕೆ ಬಿಟ್ಟು, ಮನೆಗೆ ಬಂದು, ಮಕ್ಕಳನ್ನು ಮಲಗಿಸಿ, 5ಕ್ಕೆ ಎದ್ದರೆ ನಿದ್ದೆ ಐದು ಗಂಟೆ ಸಿಕ್ಕರೆ ಹೆಚ್ಚು. ಮಾರ್ನಿಂಗ್‌ನಿಂದ ಈವನಿಂಗ್, ಈವನಿಂಗ್‌ನಿಂದ ನೈಟ್, ಈ ದಿಕ್ಕಿನಲ್ಲಿ ತಿರುಗುವುದು ದೇಹಕ್ಕೆ ಸುಲಭ. ಹಿಂದಕ್ಕೆ ತಿರುಗಿದರೆ ಕಷ್ಟ.

ಮನೆಯ ಹ್ಯಾಂಡೋವರ್ ಬಾಯಿಮಾತಿನಲ್ಲಿ ಇರಬಾರದು. ಫ್ರಿಡ್ಜ್ ಮೇಲೆ ಒಂದು ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಮಗು ಏನು ತಿಂದಿತು, ಎಷ್ಟು ಹೊತ್ತಿಗೆ ಮಲಗಿತು, ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ. ಕೊನೆಯದು ಅತಿ ಮುಖ್ಯ. ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂನದ್ದೂ ಬರುತ್ತದೆ, 250ರದ್ದೂ ಬರುತ್ತದೆ. ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ 10 ಕಿಲೋ ತೂಕದ ಮಗುವಿಗೆ 150 ಮಿ.ಗ್ರಾಂ, 125ರ ಬಾಟಲಿಯಾದರೆ 6 ಮಿ.ಲೀ., 250ರದ್ದಾದರೆ 3 ಮಿ.ಲೀ. ಬೆಳಗ್ಗೆ ಅಜ್ಜಿ ಕೊಟ್ಟದ್ದು ತಿಳಿಯದೆ ಅಮ್ಮ ಪುನಃ ಕೊಡುವುದು, ಬಾಟಲಿ ಬದಲಾದದ್ದು ತಿಳಿಯದೆ ಅಜ್ಜಿ ಹಳೆಯ ಅಳತೆಯಲ್ಲೇ ಕೊಡುವುದು, ಎರಡೂ ಆಗುವಂಥದ್ದೇ. ಮನೆಯಲ್ಲಿ ಒಂದೇ ಶಕ್ತಿಯ ಬಾಟಲಿ ಇಡಿ, ಅಳತೆಯನ್ನು ಪ್ಲಾಸ್ಟರ್ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಬಾಟಲಿಗೆ ಅಂಟಿಸಿ, ‘6 ಗಂಟೆಗೊಮ್ಮೆ, ದಿನಕ್ಕೆ 4 ಸಲಕ್ಕಿಂತ ಹೆಚ್ಚಿಲ್ಲ’ ಎಂದೂ ಬರೆಯಿರಿ. ಮಗುವಿನ ತೂಕ ಹೆಚ್ಚಿದಾಗ ಪ್ಲಾಸ್ಟರ್ ಬದಲಿಸಿ. ಹೀಗೆ ಬರೆದಿಟ್ಟ ದಿನ ಮಾತ್ರ ವಾರ್ಡಿನಲ್ಲಿ ನಿಮ್ಮ ತಲೆ ವಾರ್ಡಿನಲ್ಲೇ ಇರುತ್ತದೆ.

ಹಾಲೂಡಿಸುವ ತಾಯಂದಿರು 12 ಗಂಟೆ ಡ್ಯೂಟಿಯಲ್ಲಿ ಹಾಲು ತೆಗೆಯದೆ ಇದ್ದರೆ ಎದೆ ಕಲ್ಲಾಗುತ್ತದೆ, ದಿನ ಕಳೆದಂತೆ ಹಾಲೂ ಕಡಿಮೆಯಾಗುತ್ತದೆ. 3-4 ಗಂಟೆಗೊಮ್ಮೆ ತೆಗೆಯಬೇಕು. ಪಂಪ್ ಇಲ್ಲದಿದ್ದರೂ ಕೈ ಸಾಕು. ಕೈ ತೊಳೆದು, ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಮೊಲೆತೊಟ್ಟಿನಿಂದ 3-4 ಸೆಂ.ಮೀ. ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅದುಮಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಎಳೆಯಬಾರದು. ನೋವಾದರೆ ಬೆರಳಿಟ್ಟ ಜಾಗ ತಪ್ಪಿದೆ ಎಂದರ್ಥ. ಬೆರಳನ್ನು ಸುತ್ತ ಜರುಗಿಸುತ್ತ ಒಂದೊಂದು ಬದಿ ಐದು ನಿಮಿಷದಂತೆ ಬದಲಿಸಿ, ಒಟ್ಟು 20-30 ನಿಮಿಷ. ಮೊದಲ ಒಂದೆರಡು ನಿಮಿಷ ಏನೂ ಬಾರದಿದ್ದರೆ ಹೆದರಬೇಡಿ.

ತೆಗೆದ ಹಾಲನ್ನು ಮುಚ್ಚಳದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ, ಒಂದೊಂದರಲ್ಲಿ 60ರಿಂದ 120 ಮಿ.ಲೀ., ದಿನ ಮತ್ತು ಗಂಟೆ ಬರೆದು ಇಡಿ. ಹೊರಗೆ 25 ಡಿಗ್ರಿಯಲ್ಲಿ 4 ಗಂಟೆ ಇರುತ್ತದೆ. ನಮ್ಮ ಕರಾವಳಿಯ ಏಪ್ರಿಲಿಗೆ ಅದನ್ನು ನಂಬಬೇಡಿ. ಐಸ್ ಪ್ಯಾಕ್ ತುಂಬಿದ ಕೂಲರ್ ಬ್ಯಾಗ್‌ನಲ್ಲಿ 24 ಗಂಟೆ, ಫ್ರಿಡ್ಜ್‌ನಲ್ಲಿ 4 ದಿನ. ಫ್ರಿಡ್ಜ್ ಬಾಗಿಲಲ್ಲಿ ಬೇಡ, ಹಿಂದಿನ ಭಾಗದಲ್ಲಿ ಇಡಿ. ವಾರ್ಡಿನ ಲಸಿಕೆ ಫ್ರಿಡ್ಜ್‌ನಲ್ಲಿ ಮಾತ್ರ ಇಡಲೇಬಾರದು, ಅದು ಲಸಿಕೆಗೆ ಮಾತ್ರ. ಮನೆಯಲ್ಲಿ ಅಜ್ಜಿಗೆ ಹೇಳಿಕೊಡಬೇಕಾದದ್ದು ಇಷ್ಟು: ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು, ಮಗು ಬಾಯಿ ಇಟ್ಟ ಹಾಲನ್ನು 2 ಗಂಟೆಯ ಮೇಲೆ ಕೊಡಬಾರದು. ಕೊಡುವುದಕ್ಕೆ ಬಾಟಲಿ ಬೇಕಿಲ್ಲ, ಮನೆಯ ಒಳಲೆಯನ್ನು ಕುದಿಸಿ ಬಳಸಿದರೆ ಆಯಿತು. ಎದೆಯ ಒಂದು ಕಡೆ ಕೆಂಪಾಗಿ, ಮುಟ್ಟಿದರೆ ನೋವು, ಚಳಿಜ್ವರ ಬಂದರೆ ಅಂದೇ ತೋರಿಸಿ. ಆ ಬದಿಯಿಂದ ಹಾಲೂಡಿಸುವುದನ್ನು ನಿಲ್ಲಿಸಬೇಡಿ.

ಹಾಲು ತೆಗೆಯಲು ಹೊತ್ತು ಕೇಳುವುದು ಉಪಕಾರ ಕೇಳುವುದಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಹಕ್ಕಾಗಿದೆ. 2017ರ ತಿದ್ದುಪಡಿ, ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇರುವ ತಾಯಿಗೆ 26 ವಾರ ರಜೆ ಕೊಟ್ಟಿತು. 50 ಮತ್ತು ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗುವ ಅವಕಾಶ ಎಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆಲ್ಲ ಇವೆ. ಬಾಯಲ್ಲಿ ಕೇಳಿದರೆ ಮರೆತುಹೋಗುತ್ತದೆ. ರಜೆ ಮುಗಿಸಿ ಸೇರುವ ಮೊದಲೇ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಅರ್ಧ ಪುಟದ ಅರ್ಜಿ ಕೊಟ್ಟು, ಒಂದು ಪ್ರತಿಗೆ ಸಹಿ ತಗೊಳ್ಳಿ.

ದೇಹದ ಉಳಿದ ವಿಷಯ ಚಿಕ್ಕದಾಗಿ. ಮೂತ್ರ ತಡೆಹಿಡಿಯಬೇಡಿ, ಬಾತ್‌ರೂಮಿಗೆ ಹೋಗಬೇಕಾಗುತ್ತದೆಂದು ನೀರೇ ಕುಡಿಯದಿರುವುದು ನರ್ಸ್‌ಗಳ ದೊಡ್ಡ ಕೆಟ್ಟ ಅಭ್ಯಾಸ. 12 ಗಂಟೆಯ ಡ್ಯೂಟಿಗೆ ಒಂದೂವರೆ ಲೀಟರ್ ನೀರು, 3-4 ಗಂಟೆಗೊಮ್ಮೆ ಹೋಗಿ ಬರುವುದು. ಪೇಷೆಂಟ್‌ನ್ನು ಸರಿಸುವಾಗ ಮಂಚವನ್ನು ಸೊಂಟದ ಎತ್ತರಕ್ಕೆ ತನ್ನಿ, ಇಬ್ಬರು ಎರಡು ಬದಿಯಿಂದ ಡ್ರಾ ಶೀಟ್ (ಪೇಷೆಂಟ್ ಕೆಳಗೆ ಅಡ್ಡ ಹಾಸುವ ಬಟ್ಟೆ) ಹಿಡಿದು ಸರಿಸಿ, ಒಬ್ಬರೇ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಹೆರಿಗೆಯಾಗಿ ಆರು ತಿಂಗಳೊಳಗಿನ ಸೊಂಟಕ್ಕೆ ಇದು ಇನ್ನೂ ಮುಖ್ಯ.

ಬರ್ನ್‌ಔಟ್ ಎಂದು ಎಲ್ಲ ದಣಿವನ್ನೂ ಕರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11ರಲ್ಲಿ ಅದು ಕಾಯಿಲೆಯಲ್ಲ, ಕೆಲಸದಿಂದ ಬರುವ ಸ್ಥಿತಿ, ಲಕ್ಷಣ ಮೂರು. ಶಕ್ತಿ ಬತ್ತುವುದು, ಕೆಲಸದ ಮೇಲೆ ಮನಸ್ಸು ದೂರವಾಗುವುದು ಅಥವಾ ಕಹಿಯಾಗುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಎನಿಸುವುದು. ಹೆಸರು ಗೊತ್ತಿದ್ದೂ ‘ಹದಿನಾಲ್ಕನೇ ಬೆಡ್’ ಎಂದೇ ಬಾಯಿಗೆ ಬರುವುದು, ಬೆಲ್ ಕೇಳಿದರೆ ಸಿಟ್ಟು ಬರುವುದು, ಚೆಲ್ಲಿದ ನೀರಿಗೆ ಮಗುವಿನ ಮೇಲೆ ಕೂಗಿ ಆಮೇಲೆ ಬಾತ್‌ರೂಮಿನಲ್ಲಿ ಅಳುವುದು, ಇವು ಮೊದಲ ಗುರುತು. ಸಪ್ತಭಾಷೆಯ ನಾಡಾದ ಕಾಸರಗೋಡಿನಲ್ಲಿ ಇನ್ನೊಂದೂ ಸೇರುತ್ತದೆ: ಕೇಸ್ ಶೀಟ್ ಇಂಗ್ಲಿಷಿನಲ್ಲಿ, ಪೇಷೆಂಟ್ ಜೊತೆ ಮಲಯಾಳ, ಅವರ ಅಜ್ಜಿಯ ಜೊತೆ ತುಳು, ಮನೆಯಲ್ಲಿ ಕನ್ನಡ. ದಣಿದಾಗ ಮೊದಲು ಕೈಕೊಡುವುದು ಈ ಮಾತಿನ ಬದಲಾವಣೆ. ಗೊತ್ತಿದ್ದ ಪದ ನಾಲಿಗೆಗೆ ಬಾರದಿದ್ದರೆ ಅದನ್ನೂ ಗಮನಿಸಿ.

ಆದರೆ ಬರ್ನ್‌ಔಟ್ ಎಂದುಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್), ಬಿ12. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹೆರಿಗೆಯ ನಂತರದ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದೂ ಉಂಟು. ದಿನಾ ಹತ್ತು ಜನರ ಸ್ಯಾಂಪಲ್ ತೆಗೆಯುವ ಸಿಸ್ಟರ್ ತನ್ನದನ್ನು ತೆಗೆಸಿ ಎರಡು ವರ್ಷವಾಗಿರುತ್ತದೆ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಹೀರಿಕೊಳ್ಳುವುದು ಕಡಿಮೆ. ಎರಡು ಗಂಟೆ ಅಂತರ ಇಟ್ಟು, ಲಿಂಬೆ ನೀರಿನ ಜೊತೆ ತಗೊಳ್ಳಿ.

ಎರಡು ವಾರದ ಮೇಲೂ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಹಗಲು ಮಲಗಲು ಹೊತ್ತು ಸಿಕ್ಕರೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಏನೂ ಅನಿಸದಿದ್ದರೆ, ಅದು ಖಿನ್ನತೆ ಇರಬಹುದು, ರಜೆಯಿಂದ ಮಾತ್ರ ಸರಿಯಾಗುವುದಿಲ್ಲ. ತಾನಿಲ್ಲದಿದ್ದರೆ ಒಳ್ಳೆಯದಿತ್ತು ಎನ್ನುವ ಯೋಚನೆ ಒಂದು ಸಲ ಬಂದರೂ ಅದೇ ದಿನ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ. ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮನೋವೈದ್ಯರ ಓಪಿಯಲ್ಲಿ ಕೂರಲು ಮುಜುಗರವಾಗುವುದು ಅರ್ಥವಾಗುತ್ತದೆ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಕೇರಳದ ದಿಶಾ ಸಹಾಯವಾಣಿ 1056. ಎರಡೂ ನಂಬರನ್ನು ಮನೆಯ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಮಗುವಿನ ಡಾಕ್ಟರ ನಂಬರಿನ ಕೆಳಗೆ ಬರೆದಿಡಿ.